ಕೊಲ್ಲದಷ್ಟು ಆಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ ಏನು ಮಾಡುತ್ತದೆ?

ಕ್ರೋಮೋಬ್ಯಾಕ್ಟೀರಿಯಂ ವಯೋಲೇಸಿಯಂ ಉಷ್ಣವಲಯದ ಮಣ್ಣು, ನೀರಿನಲ್ಲಿ ಸಿಗುವ ಬ್ಯಾಕ್ಟೀರಿಯಾ. ಅದರ ಎಟಿಸಿಸಿ 31532 ಎಂಬ ತಳಿಯನ್ನು ಅಗಾರ್ ಪ್ಲೇಟಿನ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ಜೆಲ್ಲಿಯ ತಟ್ಟೆ) ಮೇಲೆ ತೆಳುವಾಗಿ ಹರಡಿ, ಹೈಗ್ರೋಮೈಸಿನ್ ಎ ಎಂಬ ಆಂಟಿಬಯಾಟಿಕ್ ಅದಕ್ಕೆ ತಾಗುವಂತೆ ಮಾಡಿದರೆ ಕೆಲಸ ಕಣ್ಣಿಗೇ ಕಾಣುತ್ತದೆ. ಔಷಧ ದಟ್ಟವಾಗಿರುವಲ್ಲಿ ಏನೂ ಬೆಳೆಯುವುದಿಲ್ಲ. ದೂರದಲ್ಲಿ, ಔಷಧ ತಲುಪದ ಕಡೆ, ಎಂದಿನ ಬೆಳವಣಿಗೆ. ಇವೆರಡರ ನಡುವೆ, ಔಷಧ ಇದ್ದೂ ಕೊಲ್ಲಲಾರದ ಜಾಗದಲ್ಲಿ, ಬ್ಯಾಕ್ಟೀರಿಯಾ ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ.

ಆ ನೇರಳೆ ವಸ್ತುವಿನ ಹೆಸರು ವಯೋಲೇಸಿನ್. ಅದೂ ಒಂದು ಆಂಟಿಬಯಾಟಿಕ್ಕೇ. ಮಣ್ಣಿನಲ್ಲಿ ಪಕ್ಕದಲ್ಲೇ ಬದುಕುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಹೊರಬಿಟ್ಟ ಹೈಗ್ರೋಮೈಸಿನ್ ಎ ತಾಗಿದಾಗ ಕ್ರೋಮೋಬ್ಯಾಕ್ಟೀರಿಯಂ ವಯೋಲೇಸಿನ್ ತಯಾರಿಸಿ ಎದುರೇಟು ಕೊಡುತ್ತದೆ ಎಂದು 2020ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಕೋಶದೊಳಗೆ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್‌ನಲ್ಲಿ ಪ್ರೋಟೀನ್ ಸರಪಳಿ ಉದ್ದವಾಗುವ ಹಂತವನ್ನು ತಡೆಯುವ ಬೇರೆ ಔಷಧಗಳಿಗೂ ಇದೇ ಉತ್ತರ ಸಿಕ್ಕಿತು. ಬೇರೆ ಗುರಿಯ ಔಷಧಗಳಿಗೆ ಸಿಗಲಿಲ್ಲ. ಜೊತೆಗೆ ಹಣ್ಣಿನ ನೊಣಗಳಿಗೆ ಸೋಂಕು ತರುವ ಶಕ್ತಿಯೂ ಹೆಚ್ಚಾಯಿತು. ಈ ಉತ್ತರದ ಹಿಂದಿನ ಜೀನ್‌ಗಳನ್ನು ಹುಡುಕಿಕೊಂಡು ಹೋದಾಗ, ಬ್ಯಾಕ್ಟೀರಿಯಾಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ವ್ಯವಸ್ಥೆಗೂ ಇದಕ್ಕೂ ನಂಟಿರುವುದು ತಿಳಿಯಿತು.

ಕಡಿಮೆ ಡೋಸ್ ಅಂದರೆ ಕಡಿಮೆ ಪರಿಣಾಮ ಎಂದೇ ನಾವು ಲೆಕ್ಕ ಹಾಕುತ್ತೇವೆ. ಆಂಟಿಬಯಾಟಿಕ್ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಒಂದು ಗೆರೆಯ ಕೆಳಗೆ ಇಳಿದ ಮೇಲೆ ಅದೇ ಔಷಧ ಬೇರೆಯದೇ ಕೆಲಸಕ್ಕೆ ತೊಡಗುತ್ತದೆ. ಆ ಕೆಲಸ ರೋಗಿಗೆ ಒಳ್ಳೆಯದಾಗಬಹುದು, ಪ್ರಾಣಕ್ಕೆ ಎರವೂ ಆಗಬಹುದು. ಯಾವುದು ಎಂಬುದನ್ನು ಯಾವ ಔಷಧ, ಯಾವ ಬ್ಯಾಕ್ಟೀರಿಯಾ ಎಂಬ ಜೋಡಿ ತೀರ್ಮಾನಿಸುತ್ತದೆ.

ಆ ಗೆರೆ ಎಲ್ಲಿದೆ

ಗೆರೆಯ ಹೆಸರು ಎಂಐಸಿ. ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವಷ್ಟು ಬೆಳೆಯದಂತೆ ತಡೆಯಲು ಬೇಕಾದ ಅತಿ ಕಡಿಮೆ ಸಾಂದ್ರತೆ ಅದು. ಇದನ್ನು ಒಂದು ನಿರ್ದಿಷ್ಟ ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ), ಪ್ರತಿ ಮಿಲಿಲೀಟರ್‌ಗೆ ಸುಮಾರು 5 ಲಕ್ಷ ಕೋಶಗಳಿಂದ ಆರಂಭಿಸಿ, 35 ಡಿಗ್ರಿ ಆಸುಪಾಸಿನ ಶಾಖದಲ್ಲಿ 16ರಿಂದ 20 ಗಂಟೆ ಇಟ್ಟು ಅಳೆಯುತ್ತಾರೆ. ಅಂದರೆ ಎಂಐಸಿ ಎನ್ನುವುದು ಆ ಷರತ್ತುಗಳ ಒಳಗೆ ಸಿಕ್ಕ ಸಂಖ್ಯೆ. ಕೋಶಗಳ ಸಂಖ್ಯೆ ನೂರು ಪಟ್ಟು ಹೆಚ್ಚಿದರೆ, ಬ್ರಾತ್ ಬದಲಾದರೆ, ಪಿಎಚ್ ಇಳಿದರೆ ಸಂಖ್ಯೆಯೂ ಬದಲಾಗುತ್ತದೆ. ಕೀವು ತುಂಬಿದ ಶ್ವಾಸಕೋಶದ ಮೂಲೆಯಲ್ಲಿ ಈ ಯಾವ ಷರತ್ತೂ ಇರುವುದಿಲ್ಲ.

ಎಂಐಸಿಗಿಂತ ಕಡಿಮೆ ಸಾಂದ್ರತೆ ಅಪರೂಪದ ಸಂಗತಿಯೂ ಅಲ್ಲ. ಸರಿಯಾದ ಡೋಸನ್ನು ಸರಿಯಾದ ಹೊತ್ತಿಗೆ ತೆಗೆದುಕೊಂಡ ರೋಗಿಯ ಮೈಯಲ್ಲೂ ಅದು ಇರುತ್ತದೆ. ಅಮಾಕ್ಸಿಸಿಲಿನ್ ರಕ್ತದಲ್ಲಿ ಸುಮಾರು ಒಂದು ಗಂಟೆಗೆ ಅರ್ಧವಾಗುತ್ತದೆ. ಎಂಟು ಗಂಟೆಗೊಮ್ಮೆ ಮಾತ್ರೆ ನುಂಗಿದರೆ ಮುಂದಿನ ಮಾತ್ರೆಗೆ ಮುಂಚಿನ ಕೆಲವು ಗಂಟೆ ಸಾಂದ್ರತೆ ಗೆರೆಯ ಕೆಳಗೇ ಇರಬಹುದು. ಅಜಿತ್ರೋಮೈಸಿನ್ ಇದಕ್ಕೆ ತದ್ವಿರುದ್ಧ. ಅದು ಅರ್ಧವಾಗಲು ಸುಮಾರು 68 ಗಂಟೆ ಬೇಕು. ಮೂರು ದಿನದ ಕೋರ್ಸ್ ಮುಗಿಸಿ ರೋಗಿ ಮರೆತುಬಿಟ್ಟ ಮೇಲೂ ಔಷಧ ದಿನಗಟ್ಟಲೆ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಬಯೋಫಿಲ್ಮ್‌ನ (ಬ್ಯಾಕ್ಟೀರಿಯಾಗಳು ಗುಂಪಾಗಿ ಅಂಟಿಕೊಂಡು ಕಟ್ಟುವ ಲೋಳೆಪದರ) ಒಳಪದರ, ರಕ್ತ ಸಂಚಾರ ಕಡಿಮೆ ಇರುವ ಮೂಳೆ, ಬಾವಿನ ನಡುಭಾಗ ಇಲ್ಲೆಲ್ಲ ಔಷಧ ಅರೆಬರೆಯಾಗಿಯೇ ತಲುಪುವುದು. ಇವೆಲ್ಲಕ್ಕೂ ಮೇಲೆ ಅರ್ಧಕ್ಕೆ ಬಿಟ್ಟ ಕೋರ್ಸ್, ಮನೆಯಲ್ಲಿ ಉಳಿದಿದ್ದ ಎರಡು ಮಾತ್ರೆ, ಕೋಳಿಯ ಆಹಾರಕ್ಕೆ ಬೆರೆಸಿದ ಪುಡಿ, ಕಾರ್ಖಾನೆಯ ಕೊಳಚೆ.

ಬ್ಯಾಕ್ಟೀರಿಯಾಗಳ ಮಾತುಕತೆ

ಒಂದೇ ಒಂದು ಬ್ಯಾಕ್ಟೀರಿಯಾ ವಿಷ ಉತ್ಪಾದಿಸಿದರೆ ಅದಕ್ಕೆ ಪ್ರಯೋಜನವಿಲ್ಲ. ಶಕ್ತಿ ಖರ್ಚಾಗುತ್ತದೆ, ದೇಹದ ರಕ್ಷಣಾ ವ್ಯವಸ್ಥೆ ಎಚ್ಚೆತ್ತುಕೊಳ್ಳುತ್ತದೆ. ಲಕ್ಷಾಂತರ ಕೋಶಗಳು ಒಟ್ಟಿಗೆ ಉತ್ಪಾದಿಸಿದರೆ ಅಂಗಾಂಶ ಕರಗುತ್ತದೆ. ಹಾಗಾಗಿ ಅನೇಕ ಬ್ಯಾಕ್ಟೀರಿಯಾಗಳು ಸಣ್ಣ ಸಂಕೇತ ಅಣುಗಳನ್ನು ಸದಾ ಹೊರಬಿಡುತ್ತಿರುತ್ತವೆ. ಕೋಶಗಳು ವಿರಳವಾಗಿದ್ದಾಗ ಅಣುಗಳು ಚದುರಿಹೋಗುತ್ತವೆ. ದಟ್ಟವಾದಾಗ ಒಂದು ಮಟ್ಟ ದಾಟಿ ಕೋಶದೊಳಗಿನ ಗ್ರಾಹಕ ಪ್ರೋಟೀನಿಗೆ ಅಂಟುತ್ತವೆ, ಆಗ ನೂರಾರು ಜೀನ್‌ಗಳು ಒಟ್ಟಿಗೆ ಚಾಲೂ ಆಗುತ್ತವೆ. 1970ರಲ್ಲಿ ನೀಲ್ಸನ್, ಪ್ಲಾಟ್, ಹೇಸ್ಟಿಂಗ್ಸ್ ಇದನ್ನು ಸಮುದ್ರದ ಬೆಳಕು ಬೀರುವ ಬ್ಯಾಕ್ಟೀರಿಯಾದಲ್ಲಿ ಕಂಡರು. 1994ರಿಂದ ಇದಕ್ಕೆ ಕೋರಂ ಸೆನ್ಸಿಂಗ್ ಎಂಬ ಹೆಸರು ಬಳಕೆಗೆ ಬಂತು.

ಅತಿ ಹೆಚ್ಚು ಅಧ್ಯಯನ ಆಗಿರುವುದು ಸೂಡೊಮೊನಾಸ್ ಎರುಜಿನೋಸಾ ಮೇಲೆ. ಸುಟ್ಟ ಗಾಯ, ವೆಂಟಿಲೇಟರ್, ಕ್ಯಾಥೆಟರ್ ಇರುವಲ್ಲಿ ಐಸಿಯು ವೈದ್ಯರನ್ನು ಕಾಡುವ ಬ್ಯಾಕ್ಟೀರಿಯಾ ಇದು. ಇದರಲ್ಲಿ ಮೂರು ಮುಖ್ಯ ಸಂಕೇತಗಳಿವೆ. ಲಾಸ್ ವ್ಯವಸ್ಥೆಯ 3-ಆಕ್ಸೋ-ಸಿ12-ಎಚ್‌ಎಸ್‌ಎಲ್, ಆರ್‌ಎಚ್‌ಎಲ್ ವ್ಯವಸ್ಥೆಯ ಸಿ4-ಎಚ್‌ಎಸ್‌ಎಲ್, ಮತ್ತು ಪಿಕ್ಯೂಎಸ್ ಎಂಬ ಕ್ವಿನೊಲೋನ್ ಅಣು. ಅಂಗಾಂಶ ಕರಗಿಸುವ ಇಲಾಸ್ಟೇಸ್, ನೀಲಿ-ಹಸಿರು ಬಣ್ಣದ ಪಯೋಸಯನಿನ್, ರಕ್ಷಕ ಬಿಳಿ ರಕ್ತಕಣಗಳನ್ನು ಒಡೆಯುವ ರ‍್ಯಾಮ್ನೋಲಿಪಿಡ್ ಎಲ್ಲಕ್ಕೂ ಇವುಗಳದೇ ಹಿಡಿತ.

ಮಾತುಕತೆ ಶುರುವಾದ ಕೂಡಲೇ ದಾಳಿ ಎಂದು ಎಲ್ಲ ಬ್ಯಾಕ್ಟೀರಿಯಾಗಳ ಮಟ್ಟಿಗೂ ಹೇಳುವಂತಿಲ್ಲ. ಕಾಲರಾ ತರುವ ವಿಬ್ರಿಯೋ ಕಾಲರೆಯಲ್ಲಿ ಕೋಶಗಳು ದಟ್ಟವಾದಾಗ ಹ್ಯಾಪ್‌ಆರ್ ಪ್ರೋಟೀನ್ ರೋಗ ತರುವ ಜೀನ್‌ಗಳನ್ನು ಅಡಗಿಸುತ್ತದೆ. ಕರುಳು ಬಿಟ್ಟು ಹೊರಡುವ ಸಮಯ ಬಂತು ಎಂಬ ಸೂಚನೆ ಅದು. ಮಾತು ಕಟ್ಟಿದರೆ ರೋಗ ತಗ್ಗುತ್ತದೆ ಎಂಬ ಸೂತ್ರವನ್ನು ಕಣ್ಣುಮುಚ್ಚಿ ಎಲ್ಲ ಕಡೆ ಹಚ್ಚಬಾರದು.

ಬಾಯಿ ಕಟ್ಟಿದ ಅಜಿತ್ರೋಮೈಸಿನ್

ಜಪಾನಿನಲ್ಲಿ ಡಿಫ್ಯೂಸ್ ಪ್ಯಾನ್‌ಬ್ರಾಂಕಿಯೊಲೈಟಿಸ್ ಎಂಬ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇತ್ತು. ಕೊನೆಕೊನೆಗೆ ಸೂಡೊಮೊನಾಸ್ ಸೇರಿಕೊಂಡರೆ ರೋಗಿಗಳು ಉಳಿಯುವುದೇ ಕಷ್ಟ. ಡಾ. ಶೋಜಿ ಕುಡೋ ಮತ್ತು ಸಂಗಡಿಗರು ದಿನಕ್ಕೆ 400ರಿಂದ 600 ಮಿಲಿಗ್ರಾಂ ಎರಿತ್ರೋಮೈಸಿನ್ ಅನ್ನು ತಿಂಗಳುಗಟ್ಟಲೆ ಕೊಟ್ಟು ನೋಡಿದರು. ಸೂಡೊಮೊನಾಸ್ ಆ ಔಷಧಕ್ಕೆ ಸಹಜವಾಗಿಯೇ ಬಗ್ಗದ ಬ್ಯಾಕ್ಟೀರಿಯಾ, ಅಷ್ಟು ಡೋಸಿಗೆ ಸಾಯುವ ಪ್ರಶ್ನೆಯೇ ಇಲ್ಲ. ಆದರೂ ರೋಗಿಗಳು ಉಳಿದರು. 1970ರ ದಶಕದಲ್ಲಿ ಐದು ವರ್ಷ ಬದುಕುಳಿದವರು ಶೇ. 63ರಷ್ಟಿದ್ದರೆ, ಈ ಚಿಕಿತ್ಸೆ ನೆಲೆಯೂರಿದ 1985ರ ನಂತರದ ರೋಗಿಗಳಲ್ಲಿ ಅದು ಶೇ. 91ಕ್ಕೆ ಏರಿತು.

ಕಾರಣದ ಒಂದು ತುದಿ 2001ರಲ್ಲಿ ಸಿಕ್ಕಿತು. ಟಟೆಡಾ ಮತ್ತು ಸಂಗಡಿಗರು ಸೂಡೊಮೊನಾಸ್‌ನ ಪಿಎಒ1 ತಳಿಗೆ ಮಿಲಿಲೀಟರ್‌ಗೆ ಕೇವಲ 2 ಮೈಕ್ರೋಗ್ರಾಂ ಅಜಿತ್ರೋಮೈಸಿನ್ ಕೊಟ್ಟರು. ಬೆಳವಣಿಗೆಗೆ ತೊಂದರೆ ಆಗಲಿಲ್ಲ. ಆದರೆ ಸಂಕೇತ ಅಣು ತಯಾರಿಸುವ ಲಾಸ್‌ಐ ಜೀನ್‌ನ ನಕಲು ತಯಾರಿ ಶೇ. 80ರಷ್ಟು, ಆರ್‌ಎಚ್‌ಎಲ್‌ಐ ಜೀನ್‌ನದು ಶೇ. 50ರಷ್ಟು ಕುಸಿಯಿತು. ಸಂಕೇತ ಅಣುಗಳೇ ವಿರಳವಾದ ಮೇಲೆ ಇಲಾಸ್ಟೇಸ್ ಎಲ್ಲಿಂದ ಬರಬೇಕು?

ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಗಟ್ಟಿ ಲೋಳೆ ತುಂಬಿಕೊಳ್ಳುವ ಆನುವಂಶಿಕ ಕಾಯಿಲೆ) ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೂಡೊಮೊನಾಸ್ ಇದ್ದ 185 ಮಂದಿ ಭಾಗವಹಿಸಿದ್ದರು. ತೂಕ 40 ಕಿಲೋಗಿಂತ ಕಡಿಮೆ ಇದ್ದವರಿಗೆ 250, ಉಳಿದವರಿಗೆ 500 ಮಿಲಿಗ್ರಾಂ ಅಜಿತ್ರೋಮೈಸಿನ್ ವಾರಕ್ಕೆ ಮೂರು ದಿನದಂತೆ 168 ದಿನ. ಒಂದು ಸೆಕೆಂಡಿನಲ್ಲಿ ಊದಬಲ್ಲ ಗಾಳಿಯ ಪ್ರಮಾಣ ಔಷಧ ಪಡೆದವರಲ್ಲಿ ಸರಾಸರಿ ಶೇ. 4.4 ಏರಿತು, ಖಾಲಿ ಮಾತ್ರೆ ಪಡೆದವರಲ್ಲಿ ಶೇ. 1.8 ಇಳಿಯಿತು.

ಇದೆಲ್ಲವನ್ನೂ ಕೋರಂ ಸೆನ್ಸಿಂಗ್ ಖಾತೆಗೇ ಜಮಾ ಮಾಡುವುದು ತಪ್ಪು. ಎರಿತ್ರೋಮೈಸಿನ್, ಅಜಿತ್ರೋಮೈಸಿನ್ ಸೇರಿರುವ ಮ್ಯಾಕ್ರೋಲೈಡ್ ಔಷಧಗಳು ನಮ್ಮದೇ ದೇಹದ ಉರಿಯೂತವನ್ನೂ ತಗ್ಗಿಸುತ್ತವೆ, ಬಿಳಿ ರಕ್ತಕಣಗಳನ್ನು ಕರೆಯುವ ಐಎಲ್-8 ಅನ್ನು ಇಳಿಸುತ್ತವೆ. ಶ್ವಾಸಕೋಶದಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಇಂಥ ದೀರ್ಘ ಚಿಕಿತ್ಸೆ ಆರಂಭಿಸುವ ಮುನ್ನ ವೈದ್ಯರು ಕಫದಲ್ಲಿ ಮೈಕೋಬ್ಯಾಕ್ಟೀರಿಯಾ ಇಲ್ಲವೆಂದು ಖಚಿತ ಮಾಡಿಕೊಳ್ಳುತ್ತಾರೆ, ಹೃದಯದ ಬಡಿತ ಏರುಪೇರಾಗುವ ಅಪಾಯ ತಿಳಿಯಲು ಇಸಿಜಿಯಲ್ಲಿ ಕ್ಯೂಟಿ ಅಂತರ ನೋಡುತ್ತಾರೆ. ಕ್ಷಯವಲ್ಲದ ಮೈಕೋಬ್ಯಾಕ್ಟೀರಿಯಾ ಇದ್ದವರಿಗೆ ಮ್ಯಾಕ್ರೋಲೈಡ್ ಒಂದನ್ನೇ ಕೊಟ್ಟರೆ ಪ್ರತಿರೋಧ ಹುಟ್ಟಿ ಆ ಸೋಂಕಿಗೆ ಇರುವ ಮುಖ್ಯ ಔಷಧವೇ ಕೈತಪ್ಪಿ ಹೋಗುತ್ತದೆ.

ಇನ್ನೊಂದು ತೊಡಕು ವಿಕಾಸದ್ದು. ಆಸ್ಪತ್ರೆಯಲ್ಲಿ ಸೂಡೊಮೊನಾಸ್ ದಿನಗಟ್ಟಲೆ ಉಳಿದಾಗ ಲಾಸ್‌ಆರ್ (ಲಾಸ್ ಸಂಕೇತವನ್ನು ಗುರುತಿಸುವ ಗ್ರಾಹಕ) ಕೆಟ್ಟ ಕೋಶಗಳು ಹುಟ್ಟುತ್ತವೆ. ಇವು ತಾವು ಇಲಾಸ್ಟೇಸ್ ತಯಾರಿಸುವುದಿಲ್ಲ, ನೆರೆಯವು ತಯಾರಿಸಿದ್ದರಿಂದ ಸಿಗುವ ಆಹಾರ ತಿಂದು ಬೆಳೆಯುತ್ತವೆ. ಹೀಗೆ ಪುಕ್ಕಟೆ ಉಣ್ಣುವವು ಹೆಚ್ಚಿದಂತೆ ಇಡೀ ಗುಂಪಿನ ಉಗ್ರತೆ ತಾನಾಗಿ ಇಳಿಯುತ್ತದೆ. ಅಜಿತ್ರೋಮೈಸಿನ್ ಕೊಟ್ಟಾಗ ಎಲ್ಲರ ಮಾತೂ ನಿಂತು ಈ ಸೋಮಾರಿಗಳಿಗಿದ್ದ ಲಾಭ ಇಲ್ಲವಾಗುತ್ತದೆ, ಉಗ್ರ ಮೂಲತಳಿಯೇ ಹೆಚ್ಚು ಉಳಿಯುತ್ತದೆ. ಕೋಲರ್ ಮತ್ತು ಸಂಗಡಿಗರು 2010ರಲ್ಲಿ ವೆಂಟಿಲೇಟರ್ ಮೇಲಿದ್ದ ರೋಗಿಗಳಲ್ಲಿ ಇದನ್ನೇ ಕಂಡರು. ಔಷಧ ಇರುವಷ್ಟು ದಿನ ಬಾಯಿ ಕಟ್ಟಿರುತ್ತದೆ. ನಿಲ್ಲಿಸಿದ ಮೇಲೆ ಬಾಯಿ ತೆರೆಯಬಲ್ಲವರೇ ಹೆಚ್ಚು ಉಳಿದಿರುತ್ತಾರೆ. ಕೋರಂ ಸೆನ್ಸಿಂಗ್ ತಡೆಯುವ ಔಷಧಗಳಿಗೆ ಪ್ರತಿರೋಧವೇ ಹುಟ್ಟದು ಎಂಬ ಆಸೆಯ ಮಾತು ಆಗಾಗ ಕೇಳಿಬರುತ್ತದೆ. ಹಾಗೆ ಹೇಳುವವರು ಈ ಫಲಿತಾಂಶವನ್ನೂ ಮುಂದಿಟ್ಟುಕೊಂಡು ಮಾತಾಡಬೇಕು.

ಅದೇ ಸೂಡೊಮೊನಾಸ್, ಬೇರೆ ಔಷಧ

ಟೋಬ್ರಾಮೈಸಿನ್ ಸೂಡೊಮೊನಾಸ್‌ಗೆ ಸರಿಯಾದ ಮದ್ದು. ಅದೇ ಔಷಧವನ್ನು ಎಂಐಸಿಗಿಂತ ಕಡಿಮೆ ಕೊಟ್ಟರೆ ಬ್ಯಾಕ್ಟೀರಿಯಾ ಬಯೋಫಿಲ್ಮ್ ಕಟ್ಟಲು ಶುರು ಮಾಡುತ್ತದೆ ಎಂದು ಹಾಫ್‌ಮನ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಎಆರ್‌ಆರ್ ಎಂಬ ಜೀನ್ ಕೋಶದೊಳಗಿನ ಸೈಕ್ಲಿಕ್-ಡೈ-ಜಿಎಂಪಿ ಎಂಬ ಅಣುವಿನ ಮಟ್ಟವನ್ನು ಬದಲಿಸುತ್ತದೆ. ಈಜಾಡಬೇಕೋ ಅಂಟಿ ಕೂರಬೇಕೋ ಎಂಬುದು ಆ ಅಣುವಿನ ಮೇಲೆ ನಿಂತಿದೆ. ಒಮ್ಮೆ ಬಯೋಫಿಲ್ಮ್ ಕಟ್ಟಿಕೊಂಡರೆ ನಂತರ ಪೂರ್ತಿ ಡೋಸ್ ಕೊಟ್ಟರೂ ಒಳಗಿನವು ಸುಲಭಕ್ಕೆ ಸಾಯುವುದಿಲ್ಲ. ಲಿನಾರೆಸ್ ಮತ್ತು ಸಂಗಡಿಗರು ಮರುವರ್ಷ ಕಂಡದ್ದು ಟೆಟ್ರಾಸೈಕ್ಲಿನ್ ಬಗ್ಗೆ: ಸಣ್ಣ ಪ್ರಮಾಣದಲ್ಲಿ ಅದು ನಮ್ಮ ಕೋಶಗಳೊಳಗೆ ವಿಷ ಚುಚ್ಚುವ ಮೂರನೇ ಬಗೆಯ ಸ್ರವಿಕೆ ವ್ಯವಸ್ಥೆಯನ್ನು ಏರಿಸುತ್ತದೆ.

ಪಿಕ್ಯೂಎಸ್ ಸಂಕೇತದ ಇನ್ನೊಂದು ಉಪಯೋಗ 2019ರಲ್ಲಿ ಹೊರಬಿತ್ತು. ಅಗಾರ್ ಮೇಲೆ ಸೂಡೊಮೊನಾಸ್ ಗುಂಪು ಕವಲುಕವಲಾಗಿ ಹರಡುತ್ತ ಹೋಗುವಾಗ ದಾರಿಯಲ್ಲಿ ಆಂಟಿಬಯಾಟಿಕ್ ಅಥವಾ ಫೇಜ್ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್) ತಾಗಿದ ಕೋಶಗಳಿದ್ದರೆ, ಅವು ಪಿಕ್ಯೂಎಸ್ ಹೊರಬಿಡುತ್ತವೆ. ಆರೋಗ್ಯವಾಗಿರುವ ಗುಂಪು ಆ ಜಾಗವನ್ನು ಸುತ್ತಿ ಬೇರೆ ದಾರಿ ಹಿಡಿಯುತ್ತದೆ. ಪೆಟ್ಟು ತಿಂದವು ಉಳಿದವರಿಗೆ ಎಚ್ಚರಿಕೆ ಕೊಟ್ಟಂತಾಯಿತು.

ಹೀಗೇಕೆ ಆಗುತ್ತದೆ

ಆಂಟಿಬಯಾಟಿಕ್ ಕೋಶದೊಳಗಿನ ಒಂದು ಯಂತ್ರಕ್ಕೆ ಅಂಟುತ್ತದೆ. ಪೂರ್ತಿ ಅಂಟಿದರೆ ಯಂತ್ರ ನಿಲ್ಲುತ್ತದೆ, ಅರೆಬರೆ ಅಂಟಿದರೆ ಯಂತ್ರ ಎಡವುತ್ತ ಓಡುತ್ತದೆ. ಕೋಶ ಆ ಎಡವುವಿಕೆಯನ್ನು ಗುರುತಿಸಿ ಉತ್ತರ ಕೊಡುತ್ತದೆ. ಉತ್ತರ ಎಷ್ಟು ವ್ಯಾಪಕ ಎಂಬುದಕ್ಕೆ ಜೂಲಿಯನ್ ಡೇವಿಸ್ ಅವರ ಗುಂಪು 2002ರಲ್ಲಿ ಮಾಡಿದ ಪ್ರಯೋಗವೇ ಸಾಕ್ಷಿ. ಸಾಲ್ಮೊನೆಲ್ಲಾದ ಜೀನ್‌ಗಳನ್ನು ಹೊತ್ತಿಸುವ 6,500 ಡಿಎನ್‌ಎ ತುಣುಕುಗಳನ್ನು ಬೆಳಕು ಬೀರುವ ಜೀನ್‌ಗಳ ಮುಂದೆ ಕೂರಿಸಿ, ಎರಿತ್ರೋಮೈಸಿನ್ ಮತ್ತು ರಿಫಾಂಪಿಸಿನ್‌ಗಳನ್ನು ಕೊಲ್ಲದಷ್ಟು ಪ್ರಮಾಣದಲ್ಲಿ ಕೊಟ್ಟಾಗ ಶೇ. 5ರಷ್ಟು ತುಣುಕುಗಳ ಬೆಳಕು ಏರಿತು ಇಲ್ಲವೇ ಇಳಿಯಿತು.

ಎಲ್ಲಕ್ಕಿಂತ ಚೆನ್ನಾಗಿ ಅರ್ಥವಾಗಿರುವ ದಾರಿ ಎಸ್‌ಒಎಸ್ ಪ್ರತಿಕ್ರಿಯೆ. ಸಿಪ್ರೋಫ್ಲಾಕ್ಸಾಸಿನ್ ಡಿಎನ್‌ಎ ಗೈರೇಸ್ ಎಂಬ ಕಿಣ್ವವನ್ನು ಹಿಡಿದಾಗ ಡಿಎನ್‌ಎ ತುಂಡಾಗುತ್ತದೆ. ಒಂಟಿ ಎಳೆಯ ಡಿಎನ್‌ಎ ಮೇಲೆ ರೆಕ್ಎ ಪ್ರೋಟೀನ್ ಸಾಲುಗಟ್ಟಿ ಕೂರುತ್ತದೆ. ಅದರ ಸಂಪರ್ಕಕ್ಕೆ ಬಂದ ಲೆಕ್ಸ್ಎ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಲೆಕ್ಸ್ಎ ಅದುಮಿ ಹಿಡಿದಿದ್ದ ದುರಸ್ತಿ ಜೀನ್‌ಗಳೆಲ್ಲ ಆಗ ಎಚ್ಚರಗೊಳ್ಳುತ್ತವೆ. ದುರಸ್ತಿಗೆ ಎದ್ದವುಗಳ ಜೊತೆ ಬೇಡದ್ದೂ ಏಳುತ್ತದೆ.

ಆ ಬೇಡದ್ದು ಯಾವುದು ಎಂಬುದಕ್ಕೆ ಇ. ಕೋಲಿ ಒ157:ಎಚ್7ಗಿಂತ ಕಠೋರ ಉದಾಹರಣೆ ಇಲ್ಲ. ಇದರ ಶಿಗಾ ವಿಷದ ಜೀನ್ ಇರುವುದು ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಮಲಗಿರುವ ಒಂದು ಫೇಜ್ ವೈರಸ್‌ನಲ್ಲಿ. ಎಸ್‌ಒಎಸ್ ಶುರುವಾದ ಕೂಡಲೇ ಫೇಜ್ ಏಳುತ್ತದೆ, ನೂರಾರಾಗಿ ಹೆಚ್ಚುತ್ತದೆ, ಅದರೊಂದಿಗೆ ವಿಷವೂ ಹೆಚ್ಚುತ್ತದೆ, ಕೊನೆಗೆ ಕೋಶವನ್ನು ಒಡೆದು ಎಲ್ಲವೂ ಕರುಳಿಗೆ ಸುರಿಯುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಸಿಪ್ರೋಫ್ಲಾಕ್ಸಾಸಿನ್ ಬ್ಯಾಕ್ಟೀರಿಯಾ ಸಂಖ್ಯೆಯನ್ನು ಇಳಿಸಿದರೂ ವಿಷವನ್ನೂ ಸಾವನ್ನೂ ಹೆಚ್ಚಿಸಿತು. ಕೋಶಗೋಡೆಯ ಮೇಲೆ ಕೆಲಸ ಮಾಡುವ ಫಾಸ್ಫೊಮೈಸಿನ್ ಹಾಗೆ ಮಾಡಲಿಲ್ಲ. ಅಮೆರಿಕದ 71 ಮಕ್ಕಳನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ ಆಂಟಿಬಯಾಟಿಕ್ ಪಡೆದ 9 ಮಕ್ಕಳಲ್ಲಿ 5 ಮಕ್ಕಳಿಗೆ ಕಿಡ್ನಿ ಹಾಳುಮಾಡುವ ಎಚ್‌ಯುಎಸ್ ಬಂತು. ಪಡೆಯದ 62ರಲ್ಲೂ ಬಂದದ್ದು 5 ಮಕ್ಕಳಿಗೇ. ರಕ್ತಭೇದಿಗೆ ಕಾರಣ ಈ ಬ್ಯಾಕ್ಟೀರಿಯಾ ಎಂದು ಗೊತ್ತಾದರೆ ವೈದ್ಯರು ಆಂಟಿಬಯಾಟಿಕ್ ಕೊಡದೆ ನೀರು, ಲವಣ ನೋಡಿಕೊಳ್ಳುವುದು ಈ ಕಾರಣಕ್ಕೆ.

ನ್ಯುಮೋನಿಯಾ ತರುವ ನ್ಯುಮೋಕಾಕಸ್‌ನಲ್ಲಿ ಎಸ್‌ಒಎಸ್ ಇಲ್ಲ. ಅಲ್ಲಿ ಆ ಜಾಗಕ್ಕೆ ಮಾತುಕತೆಯೇ ಬಂದು ನಿಂತಿದೆ. ಫ್ಲೋರೊಕ್ವಿನೊಲೋನ್ ಅಥವಾ ಅಮೈನೊಗ್ಲೈಕೊಸೈಡ್ ತಾಗಿದಾಗ ಅದರ ಪೆಪ್ಟೈಡ್ ಸಂಕೇತ ವ್ಯವಸ್ಥೆ ಚಾಲೂ ಆಗಿ, ಸುತ್ತಲಿನ ಸತ್ತ ಕೋಶಗಳ ಡಿಎನ್‌ಎಯನ್ನು ಎಳೆದುಕೊಳ್ಳುವ ಸ್ಥಿತಿಗೆ ಬರುತ್ತದೆ ಎಂದು 2006ರಲ್ಲಿ ಫ್ರಾನ್ಸಿನ ತಂಡ ತೋರಿಸಿತು. ಆ ಡಿಎನ್‌ಎಯಲ್ಲಿ ಪ್ರತಿರೋಧದ ಜೀನ್ ಇದ್ದರೆ ಅದೂ ಒಳಗೆ ಬರುತ್ತದೆ. ಕಾಲರಾದ್ದು ನಮ್ಮ ನೆರೆಯ ಕಥೆ. 1992ರಲ್ಲಿ ಮದ್ರಾಸಿನಲ್ಲಿ ಸಿಕ್ಕ ಒ139 ತಳಿಯಲ್ಲಿ ಎಸ್‌ಎಕ್ಸ್‌ಟಿ ಎಂಬ, ಹಲವು ಔಷಧಗಳಿಗೆ ಪ್ರತಿರೋಧ ಹೊತ್ತ ಡಿಎನ್‌ಎ ತುಣುಕು ಇತ್ತು. ಸಿಪ್ರೋಫ್ಲಾಕ್ಸಾಸಿನ್ ಎಬ್ಬಿಸುವ ಎಸ್‌ಒಎಸ್ ಈ ತುಣುಕು ಬೇರೆ ಬ್ಯಾಕ್ಟೀರಿಯಾಗಳಿಗೆ ದಾಟುವುದನ್ನು ಹೆಚ್ಚಿಸುತ್ತದೆ ಎಂಬುದು 2004ರಲ್ಲಿ ಸಾಬೀತಾಯಿತು.

ಸ್ಟ್ಯಾಫಿಲೋಕಾಕಸ್: ಔಷಧದ ಆಯ್ಕೆಯೇ ಬದಲಾಗುವ ಜಾಗ

ಸ್ಟ್ಯಾಫಿಲೋಕಾಕಸ್ ಆರಿಯಸ್‌ನ ವಿಷಗಳಿಗೂ ಎಜಿಆರ್ ಎಂಬ ಮಾತುಕತೆ ವ್ಯವಸ್ಥೆಗೂ ನೇರ ಸಂಬಂಧವಿದೆ. ಇಲ್ಲಿನ ಸಂಕೇತ ಒಂದು ಚಿಕ್ಕ ಪೆಪ್ಟೈಡ್. ನಾಫ್ಸಿಲಿನ್‌ನಂಥ ಬೀಟಾ-ಲ್ಯಾಕ್ಟಮ್ (ಪೆನಿಸಿಲಿನ್ ಕುಟುಂಬದ) ಔಷಧ ಎಂಐಸಿಗಿಂತ ಕೆಳಗಿದ್ದಾಗ ಆಲ್ಫಾ ವಿಷ, ಪಿವಿಎಲ್, ಟಿಎಸ್‌ಎಸ್‌ಟಿ-1 ಎಂಬ ವಿಷಗಳ ತಯಾರಿ ಏರುತ್ತದೆ, ಹೆಚ್ಚು ಹೊತ್ತು ಮುಂದುವರಿಯುತ್ತದೆ. ಕ್ಲಿಂಡಾಮೈಸಿನ್, ಲಿನೆಜೊಲಿಡ್ ರೈಬೋಸೋಮನ್ನೇ ಹಿಡಿಯುವುದರಿಂದ ವಿಷ ಇಳಿಯುತ್ತದೆ. ಎಂಆರ್‌ಎಸ್‌ಎ (ಬೀಟಾ-ಲ್ಯಾಕ್ಟಮ್‌ಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಆರಿಯಸ್) ಸೋಂಕಿಗೆ ಬೀಟಾ-ಲ್ಯಾಕ್ಟಮ್ ಕೊಟ್ಟರೆ ‘ಕೆಲಸ ಮಾಡುವುದಿಲ್ಲ ಅಷ್ಟೇ, ಹಾನಿಯೇನಿಲ್ಲ’ ಎಂದುಕೊಳ್ಳುವಂತಿಲ್ಲ. ಕೊಲ್ಲಲಾಗದ ಆ ಔಷಧ ಅಲ್ಲಿ ಸಾಮಾನ್ಯ ಡೋಸಿನಲ್ಲಿದ್ದರೂ ಗೆರೆಯ ಕೆಳಗೇ ಇರುತ್ತದೆ. ಸ್ಟ್ರೆಪ್ಟೊಕಾಕಸ್‌ನಿಂದ ಮಾಂಸ ಕೊಳೆಯುವ ಸೋಂಕಿಗೆ ಪೆನಿಸಿಲಿನ್ ಜೊತೆ ಕ್ಲಿಂಡಾಮೈಸಿನ್ ಸೇರಿಸುವುದರ ಹಿಂದೆಯೂ ಇದೇ ತರ್ಕವಿದೆ. ಕೋಶಗಳು ದಟ್ಟವಾಗಿ ಬೆಳವಣಿಗೆ ನಿಧಾನವಾದಾಗ ಪೆನಿಸಿಲಿನ್ ಸೋಲುತ್ತದೆ ಎಂದು ಹ್ಯಾರಿ ಈಗಲ್ 1952ರಲ್ಲೇ ಇಲಿಗಳಲ್ಲಿ ಕಂಡಿದ್ದರು. ಕ್ಲಿಂಡಾಮೈಸಿನ್ ಬೆಳವಣಿಗೆಗೆ ಕಾಯುವುದಿಲ್ಲ, ವಿಷದ ತಯಾರಿಯನ್ನೇ ನಿಲ್ಲಿಸುತ್ತದೆ.

ಸ್ಟ್ಯಾಫಿಲೋಕಾಕಸ್ ಸೋಂಕಿಗೆ ಕ್ಲಿಂಡಾಮೈಸಿನ್ ಒಂದನ್ನೇ ನೆಚ್ಚಿಕೊಳ್ಳುವ ಮುನ್ನ ಲ್ಯಾಬ್‌ನ ಡಿ-ಟೆಸ್ಟ್ ಫಲಿತಾಂಶ ನೋಡಬೇಕು. ಪ್ರಾಣಾಪಾಯದ ಸೋಂಕಿನಲ್ಲಿ ಮಾತ್ರ ಅದಕ್ಕೆ ಕಾಯದೆ ಔಷಧ ಶುರು ಮಾಡುತ್ತಾರೆ. 15 ಮೈಕ್ರೋಗ್ರಾಂ ಎರಿತ್ರೋಮೈಸಿನ್ ಡಿಸ್ಕ್ ಮತ್ತು 2 ಮೈಕ್ರೋಗ್ರಾಂ ಕ್ಲಿಂಡಾಮೈಸಿನ್ ಡಿಸ್ಕನ್ನು 15ರಿಂದ 26 ಮಿಲಿಮೀಟರ್ ಅಂತರದಲ್ಲಿಟ್ಟು ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿ ಇಡುತ್ತಾರೆ. ಕ್ಲಿಂಡಾಮೈಸಿನ್ ಸುತ್ತಲಿನ ಖಾಲಿ ವೃತ್ತ ಎರಿತ್ರೋಮೈಸಿನ್ ಕಡೆಗೆ ಚಪ್ಪಟೆಯಾಗಿ ಇಂಗ್ಲಿಷ್ ಡಿ ಅಕ್ಷರದಂತೆ ಕಂಡರೆ ಪಾಸಿಟಿವ್. ಅಲ್ಲಿ ನಡೆದದ್ದು ಇಷ್ಟು: ಹರಿದು ಬಂದ ಎರಿತ್ರೋಮೈಸಿನ್ ರೈಬೋಸೋಮನ್ನು ಒಂದು ನಿರ್ದಿಷ್ಟ ಜಾಗದಲ್ಲಿ ತಡೆದು ನಿಲ್ಲಿಸುತ್ತದೆ, ಆ ನಿಲುಗಡೆಯೇ ಇಆರ್‌ಎಂ ಜೀನ್‌ಗೆ ಎಚ್ಚರಿಕೆಯಾಗುತ್ತದೆ, ಇಆರ್‌ಎಂ ರೈಬೋಸೋಮಿಗೆ ಮಿಥೈಲ್ ಗುಂಪು ಅಂಟಿಸಿ ಕ್ಲಿಂಡಾಮೈಸಿನ್ ಕೂರುವ ಜಾಗವನ್ನೂ ಮುಚ್ಚಿಬಿಡುತ್ತದೆ. ಡಿಸ್ಕುಗಳನ್ನು ದೂರದೂರ ಇಟ್ಟರೆ ವೃತ್ತ ದುಂಡಗೇ ಇರುತ್ತದೆ, ವರದಿಯಲ್ಲಿ ‘ಸೆನ್ಸಿಟಿವ್’ ಎಂದು ಬರುತ್ತದೆ, ಚಿಕಿತ್ಸೆ ನಡುದಾರಿಯಲ್ಲಿ ಸೋಲಬಹುದು.

ಮೈಯಿಂದ ಹೊರಗೆ

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಡಾನ್ ಆಂಡರ್ಸನ್ ಗುಂಪು 2011ರಲ್ಲಿ ಪ್ರತಿರೋಧ ಇರುವ ಮತ್ತು ಇಲ್ಲದ ತಳಿಗಳನ್ನು ಒಟ್ಟಿಗೆ ಬೆಳೆಸಿ ಸ್ಪರ್ಧೆ ಇಟ್ಟಿತು. ಎಂಐಸಿಯ ನಾಲ್ಕನೇ ಒಂದು ಭಾಗದಿಂದ 230ನೇ ಒಂದು ಭಾಗದಷ್ಟು ಕಡಿಮೆ ಔಷಧ ಇದ್ದರೂ ಪ್ರತಿರೋಧ ಇರುವ ತಳಿಯೇ ಗೆಲ್ಲುತ್ತಿತ್ತು. ಸಿಪ್ರೋಫ್ಲಾಕ್ಸಾಸಿನ್ ವಿಷಯದಲ್ಲಿ ಅದು ಮಿಲಿಲೀಟರ್‌ಗೆ 0.1 ನ್ಯಾನೋಗ್ರಾಂ. ನೀರಿನಲ್ಲಿ ಪ್ರತಿರೋಧಕ್ಕೆ ಆಸ್ಪದ ಕೊಡದ ಮಟ್ಟ ಎಂದು ಇದೇ ಔಷಧಕ್ಕೆ ಸೂಚಿಸಲಾದ ಮಿತಿ ಲೀಟರಿಗೆ 0.064 ಮೈಕ್ರೋಗ್ರಾಂ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯನೀರು ಶುದ್ಧೀಕರಿಸುವ ಘಟಕದಿಂದ ಹೊರಬಂದ ನೀರಿನಲ್ಲಿ 2007ರ ಅಧ್ಯಯನ ಕಂಡದ್ದು ಲೀಟರಿಗೆ 31 ಮಿಲಿಗ್ರಾಂವರೆಗೆ. ಘಟಕದ ಬಾಯಲ್ಲಿ ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವ ಮಟ್ಟ. ಆದರೆ ಹಳ್ಳ, ಹೊಳೆ ಸೇರುತ್ತ ತೆಳುವಾದಂತೆಲ್ಲ ಕೊಲ್ಲದೆ ಎಚ್ಚರಿಸುವ, ಆಯ್ದು ಬೆಳೆಸುವ ಮಟ್ಟಗಳನ್ನು ಒಂದೊಂದಾಗಿ ಹಾದುಹೋಗುತ್ತದೆ.

ಕೋಳಿ, ಹಂದಿಗಳ ತೂಕ ಹೆಚ್ಚಿಸಲು ಆಹಾರದಲ್ಲಿ ಬೆರೆಸುವ ಆಂಟಿಬಯಾಟಿಕ್ ಇರುವುದೇ ಕಡಿಮೆ ಡೋಸಿನಲ್ಲಿ. ಐರೋಪ್ಯ ಒಕ್ಕೂಟ 2006ರಿಂದ ಅದನ್ನು ನಿಲ್ಲಿಸಿತು. ಭಾರತ 2019ರ ಜುಲೈನಲ್ಲಿ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ನಿಷೇಧಿಸಿತು. ಬೇರೇನೂ ನಾಟದ ಸೋಂಕಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಔಷಧ ಅದು.

ಲ್ಯಾಬ್‌ನಲ್ಲಿ ಅಳೆಯುವುದು, ಎಡವುವುದು

ಈ ವಿಷಯದಲ್ಲಿ ಪ್ರಾಜೆಕ್ಟ್ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳಿಗೆ ಕೆಲವು ಮಾತು. ರಾತ್ರಿ ಬೆಳೆಸಿದ ಪ್ಲೇಟಿನ ಕಾಲನಿಗಳನ್ನು ಸಲೈನಿನಲ್ಲಿ ಕಲಕಿ 0.5 ಮ್ಯಾಕ್‌ಫಾರ್ಲಂಡ್‌ಗೆ (ದ್ರವದ ಮಬ್ಬಿನ ಅಳತೆ) ತಂದರೆ ಮಿಲಿಲೀಟರ್‌ಗೆ ಸುಮಾರು 10 ಕೋಟಿ ಕೋಶಗಳು. ಬ್ರಾತ್‌ನಲ್ಲಿ ನೂರು ಪಟ್ಟು ತೆಳುಮಾಡಿ, 96 ವೆಲ್ ಪ್ಲೇಟಿನಲ್ಲಿ ಎರಡು ಪಟ್ಟು ಸಾಂದ್ರತೆಯ ಔಷಧ 50 ಮೈಕ್ರೋಲೀಟರ್ ಇರುವ ವೆಲ್‌ಗೆ 50 ಮೈಕ್ರೋಲೀಟರ್ ಹಾಕಿದರೆ ಬೇಕಾದ 5 ಲಕ್ಷಕ್ಕೆ ಬಂದು ನಿಲ್ಲುತ್ತದೆ. ಅಂಚಿನ ವೆಲ್‌ಗಳಲ್ಲಿ ನೀರಷ್ಟೇ ತುಂಬಿಡಿ. ಅಲ್ಲಿ ದ್ರವ ಆರಿ ಔಷಧ ಗಟ್ಟಿಯಾಗುತ್ತದೆ. ಎಂಐಸಿಯನ್ನು ಮುಲ್ಲರ್-ಹಿಂಟನ್ ಬ್ರಾತ್‌ನಲ್ಲಿ ಅಳೆದು ಮುಂದಿನ ಪ್ರಯೋಗವನ್ನು ಎಲ್‌ಬಿ ಎಂಬ ಇನ್ನೊಂದು ಬ್ರಾತ್‌ನಲ್ಲಿ ಮಾಡಬೇಡಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಪ್ರಮಾಣ ಬದಲಾದರೆ ಸೂಡೊಮೊನಾಸ್ ಮೇಲೆ ಟೋಬ್ರಾಮೈಸಿನ್‌ನ ಎಂಐಸಿಯೂ ಬದಲಾಗುತ್ತದೆ, ನೀವು ನಾಲ್ಕನೇ ಒಂದು ಭಾಗ ಎಂದುಕೊಂಡದ್ದು ನಿಜಕ್ಕೂ ಅರ್ಧವೇ ಆಗಿರಬಹುದು.

ದೊಡ್ಡ ತಪ್ಪು ಆಗುವುದು ಇದಾದ ಮೇಲೆ. ಕೋರಂ ಸೆನ್ಸಿಂಗ್ ನಿಂತಿರುವುದೇ ಕೋಶಗಳ ಸಾಂದ್ರತೆಯ ಮೇಲೆ. ಔಷಧ ಬೆಳವಣಿಗೆಯನ್ನು ಕೊಂಚ ನಿಧಾನ ಮಾಡಿದರೂ ಎಂಟನೇ ಗಂಟೆಗೆ ಆ ಟ್ಯೂಬಿನಲ್ಲಿ ಕೋಶಗಳು ಕಡಿಮೆ, ಹಾಗಾಗಿ ಸಂಕೇತವೂ ಕಡಿಮೆ, ವಿಷವೂ ಕಡಿಮೆ. ಇದನ್ನು ‘ಕೋರಂ ಸೆನ್ಸಿಂಗ್ ತಡೆಯಿತು’ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಅರ್ಧ ಗಂಟೆಗೊಮ್ಮೆ 600 ನ್ಯಾನೋಮೀಟರಿನಲ್ಲಿ ಅಳೆದು, ಔಷಧ ಇರುವ ಮತ್ತು ಇಲ್ಲದ ಬೆಳವಣಿಗೆಯ ರೇಖೆಗಳು ಒಂದರ ಮೇಲೊಂದು ಕೂರುವ ಸಾಂದ್ರತೆ ಹುಡುಕಿಕೊಳ್ಳಬೇಕು. ಮಾದರಿಯನ್ನು ಒಂದೇ ಗಂಟೆಗೆ ತೆಗೆಯುವ ಬದಲು ಒಂದೇ ಒಡಿಗೆ (600 ನ್ಯಾನೋಮೀಟರಿನ ಓದು, ಅಂದರೆ ಕೋಶಗಳ ಸಾಂದ್ರತೆ) ತೆಗೆಯಬೇಕು.

ಪಯೋಸಯನಿನ್ ಅಳೆಯಲು ಕೋಶ ತೆಗೆದ 5 ಮಿಲಿಲೀಟರ್ ದ್ರವಕ್ಕೆ 3 ಮಿಲಿಲೀಟರ್ ಕ್ಲೋರೋಫಾರ್ಮ್ ಹಾಕಿ ಕಲಕಿದರೆ ನೀಲಿ ಕೆಳಗಿಳಿಯುತ್ತದೆ. ಆ ಪದರಕ್ಕೆ 0.2 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ 1 ಮಿಲಿಲೀಟರ್ ಸೇರಿಸಿದರೆ ಗುಲಾಬಿ-ಕೆಂಪು ಮೇಲೆ ಬರುತ್ತದೆ. 520 ನ್ಯಾನೋಮೀಟರಿನ ಓದನ್ನು 17.072ರಿಂದ ಗುಣಿಸಿದರೆ ಮಿಲಿಲೀಟರ್‌ಗೆ ಎಷ್ಟು ಮೈಕ್ರೋಗ್ರಾಂ ಎಂದು ಸಿಗುತ್ತದೆ. ಬಯೋಫಿಲ್ಮ್‌ಗೆ ಶೇ. 0.1 ಕ್ರಿಸ್ಟಲ್ ವಯಲೆಟ್, 10ರಿಂದ 15 ನಿಮಿಷ. ತೊಳೆದು ಒಣಗಿಸಿ ಶೇ. 30 ಅಸಿಟಿಕ್ ಆಮ್ಲದಲ್ಲಿ ಕರಗಿಸಿ 550ರಲ್ಲಿ ಓದು. ಈ ಬಣ್ಣ ಸತ್ತ ಕೋಶಕ್ಕೂ ಹತ್ತುತ್ತದೆ ಎಂಬುದು ನೆನಪಿರಲಿ. ಇನ್ನು ಎಚ್‌ಎಸ್‌ಎಲ್ ಅಣುಗಳ ಲ್ಯಾಕ್ಟೋನ್ ಉಂಗುರ ಕ್ಷಾರದಲ್ಲಿ ತೆರೆದುಕೊಂಡು ಸಂಕೇತ ನಿಷ್ಕ್ರಿಯವಾಗುತ್ತದೆ. ಎಲ್‌ಬಿ ಬ್ರಾತ್ ಬೆಳವಣಿಗೆಯ ಕೊನೆಗೆ ಪಿಎಚ್ 8 ದಾಟುವುದುಂಟು. 50 ಮಿಲಿಮೋಲಾರ್ ಮಾಪ್ಸ್ ಬಫರ್ ಹಾಕಿ 7ರಲ್ಲಿ ನಿಲ್ಲಿಸದಿದ್ದರೆ ಔಷಧದ ಪರಿಣಾಮವನ್ನೂ ಪಿಎಚ್ ಪರಿಣಾಮವನ್ನೂ ಬೇರ್ಪಡಿಸಲಾಗದು. ಔಷಧ ಕರಗಿಸಿದ ಎಥನಾಲ್ ಅಷ್ಟೇ ಹಾಕಿದ ಒಂದು ಟ್ಯೂಬ್ ಕೂಡ ಬೇಕು.

ಸಿವಿ026 ಎಂಬ ಕ್ರೋಮೋಬ್ಯಾಕ್ಟೀರಿಯಂ ತಳಿ ಸ್ವಂತ ಸಂಕೇತ ತಯಾರಿಸಲಾರದು. ಹೊರಗಿನಿಂದ ಸಿ6-ಎಚ್‌ಎಸ್‌ಎಲ್ ಎಂಬ ಸಂಕೇತ ಅಣು ಕೊಟ್ಟರೆ ನೇರಳೆಯಾಗುತ್ತದೆ. ತುಳಸಿ, ಬೇವು, ಅರಿಶಿನದ ಸಾರಗಳನ್ನು ಇದರ ಮೇಲೆ ಪರೀಕ್ಷಿಸಿ, ಬಣ್ಣ ಹೋದ ವೃತ್ತ ಕಂಡ ಕೂಡಲೇ ಕೋರಂ ಸೆನ್ಸಿಂಗ್ ತಡೆ ಎಂದು ಘೋಷಿಸುವುದು ಸುಲಭ. ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ. ವೃತ್ತ ಪಾರದರ್ಶಕವಾಗಿದ್ದರೆ ಬ್ಯಾಕ್ಟೀರಿಯಾ ಬೆಳೆದೇ ಇಲ್ಲ ಅಷ್ಟೇ. ಬಿಳಿಯಾಗಿ ಮಬ್ಬಾಗಿದ್ದರೆ ಬೆಳವಣಿಗೆ ಇದೆ, ಬಣ್ಣ ಇಲ್ಲ. ಆಗಲೂ ಆ ವೃತ್ತದಿಂದ ಚೂರು ಕೆದಕಿ ಜೀವಂತ ಕೋಶಗಳನ್ನು ಎಣಿಸಿ, ವೃತ್ತದ ಹೊರಗಿನ ಎಣಿಕೆಗೆ ಹೋಲಿಸಬೇಕು. ಎರಡೂ ಸಮನಾಗಿದ್ದರೆ ಸಿ6-ಎಚ್‌ಎಸ್‌ಎಲ್ ಪ್ರಮಾಣವನ್ನು ಹತ್ತು ಪಟ್ಟು ಏರಿಸಿ ಇನ್ನೊಮ್ಮೆ ಮಾಡಿ. ನೇರಳೆ ಮರಳಿ ಬಂದರೆ ಸಾರವು ಗ್ರಾಹಕದ ಜಾಗಕ್ಕೆ ಸಂಕೇತದೊಡನೆ ಪೈಪೋಟಿ ಮಾಡುತ್ತಿರಬೇಕು. ಎಷ್ಟು ಏರಿಸಿದರೂ ಬಾರದಿದ್ದರೆ ತಡೆ ಬೇರೆಲ್ಲೋ ಇದೆ, ಬಹುಶಃ ವಯೋಲೇಸಿನ್ ತಯಾರಿಯ ದಾರಿಯಲ್ಲೇ.